ಟಕ್ ಎನ್ನದ ಸ್ಕ್ರೂ

ನನ್ನ ಸೈಕಲ್ಲಿನ ಸೀಟಿನ ಕೆಳಗೆ ಒಂದು ಕೆಂಪು ಗೆರೆ ಇದೆ. ನಮ್ಮ ಮನೆಯ ಕುಕ್ಕರಿನ ಹಿಡಿಯಲ್ಲಿ, ಅಪ್ಪನ ಕನ್ನಡಕದ ಕೀಲಿನಲ್ಲಿ, ಬಚ್ಚಲ ಬಾಗಿಲ ಚಿಲಕದ ನಾಲ್ಕೂ ಸ್ಕ್ರೂಗಳ ಮೇಲೆ ಅಂಥದೇ ಗೆರೆಗಳಿವೆ. ಕೂದಲಿಗಿಂತ ತುಸು ದಪ್ಪ, ಅಷ್ಟೆ. ಇವೆಲ್ಲ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಬಂದುಹೋದ ಗುರುತುಗಳು. ಬೇರೆಯವರ ಮನೆಗೆ ಅತ್ತೆಯಂದಿರು ಬಂದರೆ ತಿಂಡಿಯ ಡಬ್ಬಿ ಬಿಟ್ಟುಹೋಗುತ್ತಾರಂತೆ. ನನ್ನ ಅತ್ತೆ ಬಂದುಹೋದರೆ ಮನೆಯಲ್ಲಿ ಸಡಿಲವಾಗಿದ್ದದ್ದೆಲ್ಲ ಬಿಗಿಯಾಗಿರುತ್ತದೆ.

ಅತ್ತೆಯದು ಕಂಟ್ರೋಲ್ ಪ್ಯಾನೆಲ್ ಕಟ್ಟುವ ಕೆಲಸ. ಕಾರ್ಖಾನೆಗಳಲ್ಲಿ ಯಂತ್ರದ ಪಕ್ಕ ಬೀರುವಿನಂಥ ಒಂದು ಬೂದು ಪೆಟ್ಟಿಗೆ ನಿಂತಿರುತ್ತದಲ್ಲ, ಮುಖದ ತುಂಬ ದೀಪ, ಗುಂಡಿಗಳು, ಅದು. ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಆ ಪೆಟ್ಟಿಗೆಯೇ. ಬಾಗಿಲು ತೆರೆದರೆ ಒಳಗೆ ನೂರಾರು ವೈರುಗಳು, ಬಾಚಿ ಜಡೆ ಹೆಣೆದ ಹಾಗೆ. ನಾನು ಚಿಕ್ಕವಳಿದ್ದಾಗ ಅತ್ತೆ ನನ್ನ ತಲೆ ಬಾಚಿದರೆ ಸಂಜೆಯವರೆಗೆ ಒಂದು ಕೂದಲೂ ಅಲುಗುತ್ತಿರಲಿಲ್ಲ. ಕಣ್ಣು ಮುಚ್ಚಲು ಮಾತ್ರ ಸ್ವಲ್ಪ ಕಷ್ಟವಾಗುತ್ತಿತ್ತು.

ಪ್ಯಾನೆಲ್ ಕಟ್ಟುವ ಶೆಡ್ಡಿಗೆ ಅವಳು ಸೇರಿ ಇಪ್ಪತ್ತೆರಡು ವರ್ಷ. ತಗಡಿನ ಮಾಡು, ಎತ್ತರದ ಕಿಟಕಿಗಳು, ಸಾಲಾಗಿ ಮೇಜುಗಳು, ಎಲ್ಲೆಲ್ಲೂ ಕತ್ತರಿಸಿ ಬಿದ್ದ ವೈರಿನ ಬಣ್ಣದ ಸಿಪ್ಪೆ. ಗೇಟಿಗೆ ಒಂದು ರಟ್ಟು ತೂಗುಹಾಕಿದ್ದರಂತೆ: ‘ಕೆಲಸಕ್ಕೆ ಜನ ಬೇಕು. ಅವಸರ ಇಲ್ಲದವರು ಬನ್ನಿ.’ ಒಳಗೆ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಒಬ್ಬರು ಕೂತಿದ್ದರು. ಕಟ್ಟಿ ಮುಗಿದ ಪ್ಯಾನೆಲ್ಲನ್ನು ಪರೀಕ್ಷಿಸಿ ಸಹಿ ಹಾಕುವವರು. ಆಗಿನ್ನೂ ಅವರಿಗೆ ನಲವತ್ತು ಕಳೆದಿರಲಿಲ್ಲ, ಆದರೂ ಎಲ್ಲರೂ ಅವರನ್ನು ಗೆರೆಯಜ್ಜ ಎನ್ನುತ್ತಿದ್ದರು. ಅವರು ಅತ್ತೆಯ ಮುಂದೆ ಒಂದು ಬೋಗುಣಿ ಇಟ್ಟರು. ಅದರ ತುಂಬ ಗೋಜಲಾದ ವೈರು.

“ಇದನ್ನ ಬಿಡಿಸು. ಕತ್ತರಿಸಬಾರದು, ಜಗ್ಗಬಾರದು.”

ಮಧ್ಯಾಹ್ನದ ಹೊತ್ತಿಗೆ ವೈರುಗಳು ಮೇಜಿನ ಮೇಲೆ ಬೇರೆ ಬೇರೆಯಾಗಿ ಮಲಗಿದ್ದವು. ಗಿಡ್ಡದ್ದು ಈ ತುದಿಗೆ, ಉದ್ದದ್ದು ಆ ತುದಿಗೆ.

“ಉದ್ದ ನೋಡಿ ಜೋಡಿಸು ಅಂತ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಕೈ ಸುಮ್ನಿರ್ಲಿಲ್ಲ.”

“ನಾಳೆಯಿಂದ ಬಾ,” ಅಂದರು ಗೆರೆಯಜ್ಜ.

ಅವರ ಹತ್ತಿರ ಒಂದು ದಪ್ಪ ಪುಸ್ತಕವಿತ್ತು. ಪ್ಯಾನೆಲ್ ಹೇಗಿರಬೇಕು ಎನ್ನುವ ನಿಯಮಗಳ ಪುಸ್ತಕ. ರಟ್ಟು ಕಿತ್ತು, ಅಂಟು ಟೇಪು ಸುತ್ತಿ, ಮೂಲೆಗಳೆಲ್ಲ ಎಣ್ಣೆಯಾದದ್ದು. ವಾರಕ್ಕೊಂದು ಪುಟವನ್ನು ಎಲ್ಲರಿಗೂ ಓದಿ ಹೇಳುತ್ತಿದ್ದರು. ಶಾಕ್ ಹೊಡೆಯದಂತೆ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನಲ್ಲಿ ಒಂದು ಸ್ಕ್ರೂವಿನ ಕೆಳಗೆ ಒಂದೇ ವೈರು. ಅರ್ತಿಂಗ್ ಬೋಲ್ಟಿನ ಜಾಗದಲ್ಲಿ ಪೇಂಟು ಕೆರೆದು ಬರಿಯ ಲೋಹ ಕಾಣಬೇಕು. ಬಾಗಿಲಿಗೆ ಅದರದೇ ಅರ್ತಿಂಗ್ ವೈರು ಬೇಕು, ಕೀಲನ್ನು ನಂಬಿ ಕೂರುವ ಹಾಗಿಲ್ಲ. ದೊಡ್ಡ ಮೋಟಾರಿನ ವೈರು ಕಪ್ಪು. ಯಂತ್ರಕ್ಕೆ ಓಡು, ನಿಲ್ಲು ಎಂದು ಹೇಳುವ ಸಣ್ಣ ವೈರುಗಳು ಕೆಂಪು, ನೀಲಿ. ಅರ್ತಿಂಗಿನದು ಹಸಿರು ಹಳದಿ. ಇನ್ನು ಮೈನ್ ಸ್ವಿಚ್ ಆರಿಸಿದ ಮೇಲೂ ಕರೆಂಟು ಹರಿಯುತ್ತಲೇ ಇರುವ ವೈರು ಇದ್ದರೆ ಅದು ಕಿತ್ತಳೆ ಬಣ್ಣದ್ದೇ ಆಗಬೇಕು. ನೋಡಿದವನ ಕೈ ತಾನಾಗಿ ಹಿಂದೆ ಸರಿಯಬೇಕು.

“ಈ ಪುಸ್ತಕದಲ್ಲಿ ಸುಮ್ಸುಮ್ನೆ ಬರೆದ ಸಾಲು ಒಂದೂ ಇಲ್ಲ,” ಎನ್ನುತ್ತಿದ್ದರು ಅಜ್ಜ. “ಎಲ್ಲೋ ಒಬ್ರಿಗೆ ಏನೋ ಆಗಿರತ್ತೆ. ಆಮೇಲೆ ಸಾಲು ಬರತ್ತೆ.”

ಶೆಡ್ಡಿನಲ್ಲಿ ಒಂದು ಪದ್ಧತಿ. ವೈರು ಕೂರಿಸಿದವರು ಅದನ್ನು ಪರೀಕ್ಷಿಸುವಂತಿಲ್ಲ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ ಎಂದು. ಪರೀಕ್ಷಿಸುವವರು ಪ್ರತಿ ವೈರನ್ನೂ ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಆಮೇಲೆ ಒಂದು ಬಗೆಯ ಸ್ಕ್ರೂಡ್ರೈವರಿನಿಂದ ಸ್ಕ್ರೂ ತಿರುಗಿಸಬೇಕು. ಎಷ್ಟು ಬಿಗಿಯಬೇಕೋ ಅಷ್ಟು ಬಿಗಿದ ಕೂಡಲೇ ಅದು ಟಕ್ ಎಂದು ಸದ್ದು ಮಾಡುತ್ತದೆ. ಸದ್ದು ಕೇಳಿದ ಮೇಲೆ, ಸ್ಕ್ರೂವಿನ ತಲೆಯಿಂದ ಪಕ್ಕದ ಅಂಚಿನವರೆಗೆ ಕುಂಚದಲ್ಲಿ ಒಂದು ಕೆಂಪು ಗೆರೆ. ನಾಳೆ ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಎಳೆ, ಟಕ್, ಗೆರೆ. ಎಳೆ, ಟಕ್, ಗೆರೆ. ಗೆರೆಯಜ್ಜನಿಗೆ ಹೆಸರು ಬಂದದ್ದು ಹಾಗೆ.

ಎಳೆದು ನೋಡುವ ಚಾಳಿ ಅತ್ತೆಗೆ ಮೊದಲ ವರ್ಷವೇ ಅಂಟಿತು. ಮದುವೆಯಾದದ್ದೂ ಅದರಿಂದಲೇ. ಶೆಡ್ಡಿನವರಿಗೆಲ್ಲ ಬೂದು ಕೋಟು ಹೊಲಿಯಲು ಬೀದಿಯ ಕೊನೆಯ ದರ್ಜಿಗೆ ಕೊಟ್ಟಿದ್ದರು. ತರಲು ಹೋದ ಅತ್ತೆ ಅಂಗಡಿಯಲ್ಲೇ ನಿಂತು ಒಂದೊಂದು ಗುಂಡಿಯನ್ನೂ ಎಳೆಯುತ್ತ ಬಂದಳು. ಹದಿನಾಲ್ಕನೆಯ ಕೋಟಿನಲ್ಲಿ ಒಂದು ಕೈಗೆ ಬಂತು.

“ಗುಂಡಿ ಇರೋದು ಹಾಕ್ಕೊಳೋಕೆ, ಕೀಳೋಕಲ್ಲ,” ಅಂದರು ದರ್ಜಿ.

“ಕಿತ್ತು ಬರದೇ ಇರೋದಕ್ಕೇ ಗುಂಡಿ ಅನ್ನೋದು,” ಅಂದಳು ಅತ್ತೆ.

ಆ ದರ್ಜಿಯೇ ನನ್ನ ಮಾವ. “ಅವತ್ತು ಕಿತ್ತ ಗುಂಡಿಗೆ ಇವತ್ತಿಗೂ ಮಾತು ಕೇಳ್ತಿದ್ದೀನಿ,” ಎಂದು ಈಗಲೂ ನಗುತ್ತಾರೆ.

ಈ ವರ್ಷ ಗೆರೆಯಜ್ಜ ನಿಜವಾಗಿಯೂ ಅಜ್ಜನಾದರು. ಕೈ ಸಣ್ಣಗೆ ನಡುಗತೊಡಗಿತು, ಗೆರೆ ಸೊಟ್ಟಗಾಗತೊಡಗಿತು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ತಾವೇ ಹೇಳಿದರು. ಹಾಗಾದರೆ ಅವರ ನೀಲಿ ಕೋಟು ಯಾರಿಗೆ? ಶೆಡ್ಡಿನಲ್ಲಿ ಎಲ್ಲರದೂ ಬೂದು ಕೋಟು. ಸಹಿ ಹಾಕುವವರದು ಮಾತ್ರ ನೀಲಿ.

ಅತ್ತೆಗೆ ಆ ಕೋಟು ಬೇಕಿತ್ತು. ಬಾಯಿ ಬಿಟ್ಟು ಎಂದೂ ಹೇಳಿದವಳಲ್ಲ. ಆದರೆ ಅಜ್ಜ ಕೋಟನ್ನು ಕುರ್ಚಿಗೆ ಹಾಕಿ ಊಟಕ್ಕೆ ಹೋದರೆ, ಅದರ ತೋಳಿನ ಮಡಿಕೆಯನ್ನು ಸರಿಮಾಡಿಯೇ ಅವಳು ತನ್ನ ಡಬ್ಬಿ ತೆರೆಯುತ್ತಿದ್ದದ್ದು. ಶೆಡ್ಡಿನ ಯಜಮಾನರಿಗೆ ಬೇರೆ ಯೋಚನೆಯಿತ್ತು. ಅತ್ತೆ ಓದಿದ್ದು ಹತ್ತನೆಯವರೆಗೆ. ಡಿಪ್ಲೊಮಾ ಮಾಡಿದ ಯಾರನ್ನಾದರೂ ಹೊರಗಿನಿಂದ ತರೋಣ ಎಂದರು.

“ಪುಸ್ತಕ ಇವಳಿಗೆ ಬಾಯಿಪಾಠ,” ಅಂದರು ಅಜ್ಜ.

“ಬಾಯಿಪಾಠ ಇದ್ರೆ ಆಯ್ತಾ, ಅಜ್ಜ? ಸಹಿ ಹಾಕೋದು ಅಂದ್ರೆ ತಮಾಷೆನಾ?”

“ಒಂದು ಪ್ಯಾನೆಲ್ ಇವಳ ಕೈಗೆ ಕೊಟ್ಟು ನೋಡಿ, ಯಜಮಾನ್ರೇ. ಐಸ್‌ಕ್ರೀಮಿನವರದು ಕಟ್ಟಿ ಮುಗಿದಿದೆಯಲ್ಲ, ಅದನ್ನೇ ಕೊಡಿ.”

ಯಜಮಾನರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. “ಸರಿ. ಆದ್ರೆ ಐಸ್‌ಕ್ರೀಮಿನವರ ಇನ್‌ಸ್ಪೆಕ್ಟರ್ ಬಂದು ನೋಡಿದಾಗ ಒಂದೇ ಒಂದು ತಪ್ಪು ಸಿಕ್ಕಿದ್ರೂ ಡಿಪ್ಲೊಮಾನೇ. ಆಮೇಲೆ ಯಾರೂ ನನ್ನ ಹತ್ರ ಮುಖ ಊದಿಸ್ಕೊಂಡು ಬರಬಾರ್ದು.”

ಐಸ್‌ಕ್ರೀಮ್ ಕಾರ್ಖಾನೆಯ ಆ ಪ್ಯಾನೆಲ್ಲನ್ನು ಕಟ್ಟಿದವನು ಉದ್ದಣ್ಣ. ಬಾಗಿಲ ಚೌಕಟ್ಟಿಗೆ ದಿನಕ್ಕೊಮ್ಮೆ ತಲೆ ಬಡಿಸಿಕೊಳ್ಳುವಷ್ಟು ಉದ್ದ, ಮಾತು ಇನ್ನೂ ಉದ್ದ. ಆ ಪ್ಯಾನೆಲ್ಲಿನಲ್ಲಿ ಎಂಟು ಕಿತ್ತಳೆ ವೈರುಗಳಿದ್ದವು. ಕಾರ್ಖಾನೆಯಲ್ಲಿ ಕೋಣೆಯಷ್ಟು ದೊಡ್ಡ ಶೀತಲ ಮನೆಯಿದೆ. ಒಳಗೆ ಹೋದವರ ಹಿಂದೆ ಬಾಗಿಲು ಮುಚ್ಚಿಕೊಂಡರೆ ಅವರು ಹೊರಗಿನವರನ್ನು ಕರೆಯಲು ಗಂಟೆಯ ಗುಂಡಿ ಒತ್ತಬೇಕು. ಯಂತ್ರವನ್ನೆಲ್ಲ ಆರಿಸಿದ್ದರೂ ಆ ಗಂಟೆ ಹೊಡೆದುಕೊಳ್ಳಬೇಕು. ಅದಕ್ಕೇ ಕಿತ್ತಳೆ. ಅತ್ತೆ ಮೊದಲ ದಿನ ಆ ಎಂಟನ್ನು ಸುಮ್ಮನೆ ನೋಡುತ್ತ ನಿಂತಿದ್ದಳಂತೆ.

“ಏನಕ್ಕಾ, ದೃಷ್ಟಿ ಹಾಕ್ತಿದ್ದೀಯಾ ನನ್ನ ಕೆಲಸಕ್ಕೆ?” ಅಂದ ಉದ್ದಣ್ಣ.

“ಒಳಗೆ ಸಿಕ್ಕಿಹಾಕ್ಕೊಂಡವರನ್ನ ನೋಡ್ತಿದ್ದೀನಿ.”

“ಯಾರು?”

“ಯಾರಾದ್ರೂ. ನೀನೇ ಅಂದ್ಕೋ.”

ಉದ್ದಣ್ಣ ಹೋಗಿ ಆ ಎಂಟನ್ನೂ ತಾನೇ ಇನ್ನೊಮ್ಮೆ ಎಳೆದು ನೋಡಿ ಬಂದನಂತೆ.

ಮೂರು ದಿನ ಅತ್ತೆ ಪರೀಕ್ಷಿಸಿದಳು. ಬಲಗೈಯಲ್ಲಿ ಸ್ಕ್ರೂಡ್ರೈವರ್, ಎಡಗೈಯಲ್ಲಿ ಕುಂಚ. ಎಳೆ, ಟಕ್, ಗೆರೆ. ಮೂರನೆಯ ದಿನ ಮಧ್ಯಾಹ್ನ ಅವಳ ಫೋನು ಬಡಿದುಕೊಂಡಿತು. ಮಾವ.

“ಏನೇ, ಬೀರುವಿನ ಕೀಲಿಕೈ ಎಲ್ಲಿಟ್ಟಿದ್ದೀಯ?”

“ಈಗ ಯಾಕ್ರೀ ಬೀರು?”

“ಬೇಕಿತ್ತು.”

“ಅಕ್ಕಿ ಡಬ್ಬಿ ಹಿಂದೆ ಇದೆ. ಕೆಲಸ ಮಾಡ್ತಿದ್ದೀನಿ, ಇಡಿ ಫೋನು.”

ಅತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡು ಮುಂದುವರಿಸಿದಳು. ಸಂಜೆ ಕೊನೆಯ ಗೆರೆ ಎಳೆದು ಹಾಳೆಗೆ ಸಹಿ ಹಾಕಿದಳು. ಸಹಿ ಹಾಕುವ ಮೊದಲು ಕೈ ತೊಳೆದುಕೊಂಡು ಬಂದಳಂತೆ.

ಮುಂದಿನದನ್ನು ನಾನು ಉದ್ದಣ್ಣನ ಬಾಯಲ್ಲಿ ಮೂರು ಸಲ, ಅತ್ತೆಯ ಬಾಯಲ್ಲಿ ಒಂದು ಸಲ ಕೇಳಿದ್ದೇನೆ. ಉದ್ದಣ್ಣ ಹೇಳುವಾಗ ಸ್ಕ್ರೂಗಳ ಸಂಖ್ಯೆ ಪ್ರತಿ ಸಲ ಏರುತ್ತದೆ. ನಾನು ಅತ್ತೆಯ ಲೆಕ್ಕವನ್ನೇ ಬರೆಯುತ್ತಿದ್ದೇನೆ.

ಶನಿವಾರ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಬಂದರು. ಸಣಕಲು ದೇಹ, ಕತ್ತಿಗೆ ಮಫ್ಲರು. ಐಸ್‌ಕ್ರೀಮಿನವರು ಎಂದು ಎಲ್ಲರ ಕಣ್ಣೂ ಅವರ ಕೈಚೀಲದ ಮೇಲಿತ್ತು. ಅದರಿಂದ ಹೊರಬಂದದ್ದು ಒಂದು ಟಾರ್ಚು, ಒಂದು ಫೈಲು, ಒಂದು ಸ್ಕ್ರೂಡ್ರೈವರು ಮತ್ತು ಕೆಮ್ಮಿನ ಮಾತ್ರೆ.

ಅವರು ಬಾಗಿಲು ತೆರೆದು ಟಾರ್ಚು ಬಿಟ್ಟು ನೋಡಿದರು. ಅರ್ತಿಂಗ್ ಬೋಲ್ಟು ನೋಡಿದರು, ಬಾಗಿಲಿನ ಅರ್ತಿಂಗ್ ವೈರು ನೋಡಿದರು, ಲೇಬಲ್ಲುಗಳನ್ನು ಡ್ರಾಯಿಂಗಿನ ಜೊತೆ ಹೋಲಿಸಿದರು. ಕೊನೆಗೆ ತಮ್ಮ ಸ್ಕ್ರೂಡ್ರೈವರ್ ತೆಗೆದು ಅಲ್ಲೊಂದು ಇಲ್ಲೊಂದು, ಮನಸ್ಸಿಗೆ ಬಂದ ಹತ್ತು ಸ್ಕ್ರೂ ಆರಿಸಿ ತಿರುಗಿಸಿದರು. ಟಕ್. ಟಕ್. ಟಕ್. ಹತ್ತೂ ಟಕ್ ಎಂದವು, ಒಂದು ಗೆರೆಯೂ ಮುರಿಯಲಿಲ್ಲ.

“ಚೆನ್ನಾಗಿದೆ,” ಅಂದರು ಇನ್‌ಸ್ಪೆಕ್ಟರ್. ಪೆನ್ನಿನ ಕ್ಯಾಪು ತೆಗೆದರು. ಉದ್ದಣ್ಣ ಆಗಲೇ ಅತ್ತೆಯ ಕಡೆ ಕಣ್ಣು ಹೊಡೆದ. ಅಜ್ಜ ಕುರ್ಚಿಯ ಮೇಲಿನ ನೀಲಿ ಕೋಟನ್ನು ನೋಡಿದರು.

ಅಷ್ಟರಲ್ಲಿ ಯಜಮಾನರ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಆ ಸದ್ದಿಗೆ ಅತ್ತೆಯ ಎಡಗೈ ತಾನಾಗಿ ಗಾಳಿಯಲ್ಲಿ ಒಂದು ಸಣ್ಣ ಗೆರೆ ಎಳೆಯಿತು. ಅವಳು ತನ್ನ ಕೈಯನ್ನೇ ನೋಡಿದಳು. ಹೌದು, ಮೊನ್ನೆ ಫೋನು ಬಂದಾಗ ಬಲಗೈ ಸ್ಕ್ರೂಡ್ರೈವರ್ ಕೆಳಗಿಟ್ಟು ಫೋನು ಎತ್ತಿತ್ತು. ಕಿವಿ ಬೀರುವಿನ ಕೀಲಿಕೈಯ ಕಡೆಗಿತ್ತು. ಎಡಗೈ ಮಾತ್ರ ತನ್ನ ಪಾಡಿಗೆ ರೂಢಿಯ ಕೆಲಸ ಮಾಡಿ ಮುಗಿಸಿತ್ತು. ಆ ಒಂದು ಗೆರೆಗೆ ಮುಂಚೆ ಟಕ್ ಎಂದ ನೆನಪು ಅವಳಿಗೆ ಇರಲಿಲ್ಲ. ಫೋನು ಇಟ್ಟ ಮೇಲೆ ಗೆರೆ ಕಂಡಿತು, ಆಗಿದೆ ಅಂದುಕೊಂಡು ಮುಂದಿನದಕ್ಕೆ ಹೋಗಿದ್ದಳು. ಅದು ಎಷ್ಟನೆಯ ಸ್ಕ್ರೂ, ಯಾವ ಸಾಲು? ಗೊತ್ತಿಲ್ಲ. ಕಿತ್ತಳೆಯದಾಗಿದ್ದರೆ?

“ಸರ್,” ಅಂದಳು ಅತ್ತೆ. “ಬರೀಬೇಡಿ.”

ಯಜಮಾನರು ಫೋನಿನವರಿಗೆ ಆಮೇಲೆ ಮಾಡ್ತೀನಿ ಅಂದರು.

“ಒಂದು ಸ್ಕ್ರೂ ಬಿಗಿಯಾಗಿಲ್ಲ. ಗೆರೆ ಇದೆ, ಬಿಗಿ ಇಲ್ಲ. ನಾನೇ ಬಿಟ್ಟಿದ್ದು.”

“ಯಾವುದು?”

“ಅದೇ ಗೊತ್ತಿಲ್ಲ, ಸರ್.”

ಇನ್‌ಸ್ಪೆಕ್ಟರ್ ಟಾರ್ಚು ಆರಿಸಿದರು. “ಒಟ್ಟು ಎಷ್ಟಿವೆ?”

“ಮುನ್ನೂರ ನಲವತ್ತಾರು.”

ಯಜಮಾನರು ಹಣೆಗೆ ಕೈ ಹಚ್ಚಿದರು. “ಅಮ್ಮಾ ತಾಯಿ, ಅವರು ನೋಡಿ ಆಯ್ತಲ್ಲಮ್ಮ. ಚೆನ್ನಾಗಿದೆ ಅಂದ್ರಲ್ಲ.”

“ಅವರು ನೋಡಿದ್ದು ಹತ್ತು, ಯಜಮಾನ್ರೇ.” ಅತ್ತೆ ಆಗಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದಳು. “ಅದು ಗಂಟೆಯದೇ ಆಗಿದ್ರೆ ಏನ್ ಮಾಡೋದು?”

ಇನ್‌ಸ್ಪೆಕ್ಟರ್ ಒಂದು ಸ್ಟೂಲು ಎಳೆದುಕೊಂಡು ಕೂತರು, ಮಫ್ಲರು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು, ಕೆಮ್ಮಿನ ಮಾತ್ರೆ ಬಾಯಿಗೆ ಹಾಕಿಕೊಂಡರು. “ಶುರು ಮಾಡಿ,” ಅಂದರು.

ಅತ್ತೆ ಮೊದಲು ಎಂಟು ಕಿತ್ತಳೆ ವೈರುಗಳಿಗೆ ಕೈಹಾಕಿದಳು. ಅಜ್ಜ ಪಕ್ಕದಲ್ಲಿ ನಿಂತು ನಂಬರು ಓದಿದರು. ಒಂದು, ಟಕ್. ಎರಡು, ಟಕ್. ಎಂಟನೆಯದೂ ಟಕ್ ಎಂದಾಗ ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು. ಕೋಟು ಸಿಕ್ಕಷ್ಟೇ ಸಂತೋಷ ಆಗಲೇ ಆಯಿತು ಎಂದು ನನಗೆ ಹೇಳಿದಳು. ಇನ್ನು ಏನಾದರೂ ಆಗಲಿ ಎಂದು ಆಮೇಲಿನವನ್ನು ಹಗುರ ಮನಸ್ಸಿನಿಂದ ತಿರುಗಿಸಿದಳಂತೆ.

ಐವತ್ತರ ಹೊತ್ತಿಗೆ ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ಬಂದು ನಿಂತರು. ನೂರರ ಹೊತ್ತಿಗೆ ಶೆಡ್ಡಿಗೆ ಶೆಡ್ಡೇ ಬಂದಿತ್ತು. ಅಜ್ಜನ ಗಂಟಲು ಒಣಗಿತು, ಉದ್ದಣ್ಣ ನಂಬರು ಓದಲು ಶುರುಮಾಡಿದ. ನೂರೈವತ್ತರ ಮೇಲೆ ಎಲ್ಲರೂ ಒಟ್ಟಾಗಿ ಎಣಿಸತೊಡಗಿದರು. ಯಾರೋ ಚಹಾ ತಂದರು. ಇನ್‌ಸ್ಪೆಕ್ಟರ್ ಎರಡು ಲೋಟ ಕುಡಿದರು, ಇನ್ನೂರ ಹತ್ತರಲ್ಲಿ ತಾವೂ ಎಣಿಸಿದರು. ಯಜಮಾನರು ಒಂದು ಕಂಬಕ್ಕೆ ಒರಗಿ ಸಿಟ್ಟಿನಲ್ಲಿ ನಿಂತಿದ್ದರು. ಆದರೆ ಅವರ ತುಟಿಯೂ ಅಲುಗುತ್ತಿದ್ದದ್ದನ್ನು ಉದ್ದಣ್ಣ ನೋಡಿದ್ದಾನೆ.

“ಇನ್ನೂರ ಎಪ್ಪತ್ತೊಂದು!” ಅಂದರು ಎಲ್ಲರೂ.

ಟಕ್ ಎನ್ನಲಿಲ್ಲ. ಸ್ಕ್ರೂ ಮೆತ್ತಗೆ ತಿರುಗಿತು, ಕಾಲು ಸುತ್ತು, ಅರ್ಧ ಸುತ್ತು. ಕೆಂಪು ಗೆರೆ ಮುರಿದು ಎರಡಾಯಿತು. ಆಮೇಲೆ, ಟಕ್.

ಉದ್ದಣ್ಣ ಬಗ್ಗಿ ಲೇಬಲ್ ಓದಿದ. ಪ್ಯಾನೆಲ್ಲಿನ ಒಳಗೆ ಬಿಸಿಯಾಗದಿರಲಿ ಎಂದು ಮೂಲೆಯಲ್ಲೊಂದು ಅಂಗೈಯಷ್ಟಗಲದ ಫ್ಯಾನಿರುತ್ತದೆ, ಅದರದು.

“ಫ್ಯಾನು! ಇಷ್ಟೊತ್ತು ಇಷ್ಟು ಜನ ಬೆವರಿಳಿಸಿದ್ದು ಒಂದು ಫ್ಯಾನಿಗೆ!”

ತಗಡಿನ ಮಾಡು ಅದುರುವಂತೆ ಎಲ್ಲರೂ ನಕ್ಕರು. ಇನ್‌ಸ್ಪೆಕ್ಟರ್ ನಕ್ಕು ಕೆಮ್ಮಿ ಮತ್ತೆ ನಕ್ಕರು. ಅತ್ತೆಯೂ ನಕ್ಕಳು. ನಗುತ್ತಲೇ ಹಳೆಯ ಗೆರೆ ಒರೆಸಿ ಹೊಸದು ಎಳೆದು, ಮುಂದಿನ ಸ್ಕ್ರೂವಿಗೆ ಕೈಹಾಕಿದಳು.

“ಸಿಕ್ತಲ್ಲಮ್ಮ!” ಅಂದರು ಯಜಮಾನರು.

“ಒಂದು ಸಿಕ್ತು. ಇನ್ನೊಂದು ಇಲ್ಲ ಅಂತ ಹೇಗೆ ಹೇಳೋದು?”

ಮುನ್ನೂರ ನಲವತ್ತಾರಕ್ಕೆ ಬಂದಾಗ ಮಧ್ಯಾಹ್ನ ಒಂದೂವರೆ. ಇನ್ನೊಂದು ಇರಲಿಲ್ಲ.

ಇನ್‌ಸ್ಪೆಕ್ಟರ್ ಫೈಲು ತೆರೆದು ‘ಕಂಡುಬಂದ ದೋಷಗಳು’ ಎಂಬಲ್ಲಿ ಸೊನ್ನೆ ಬರೆದರು. ಯಜಮಾನರು ಭುಜದ ಮೇಲಿನಿಂದ ಇಣುಕಿ, “ಒಂದು ಇತ್ತಲ್ಲ ಸರ್?” ಅಂದರು. ತಮ್ಮ ಮಾತು ತಮಗೇ ನೆನಪಿತ್ತು.

“ನನಗೆ ಕಂಡದ್ದನ್ನ ಮಾತ್ರ ನಾನು ಬರಿಯೋದು. ನನಗೇನೂ ಕಾಣ್ಲಿಲ್ಲ. ಇವರು ಬಾಯಿ ಬಿಡದೇ ಇದ್ದಿದ್ರೆ ಕಾಣ್ತಾನೂ ಇರ್ಲಿಲ್ಲ.” ಅವರು ಮಫ್ಲರು ಸುತ್ತಿಕೊಂಡರು. “ಮುಂದಿನ ತಿಂಗಳು ಇನ್ನೂ ಎರಡು ಪ್ಯಾನೆಲ್ ಇದೆ ನಮ್ಮದು. ಅದಕ್ಕೆ ಸಹಿ ಯಾರು ಹಾಕ್ತಾರೆ?”

ಯಜಮಾನರು ಮಾಡು ನೋಡಿದರು, ನೆಲ ನೋಡಿದರು. ಅಜ್ಜ ಕುರ್ಚಿಯ ಮೇಲಿದ್ದ ನೀಲಿ ಕೋಟನ್ನು ಆಗಲೇ ಮಡಚತೊಡಗಿದ್ದರು.

“ಅದು ಇವಳಿಗೆ ಬುರ್ಖಾ ಆದ ಹಾಗಾಗತ್ತೆ, ಅಜ್ಜ,” ಅಂದರು ಯಜಮಾನರು ಕೊನೆಗೆ. “ನೀವೇ ಇಟ್ಕೊಳ್ಳಿ. ಅವಳಿಗೊಂದು ಹೊಸದು ಹೊಲಿಸೋಣ. ಮನೇಲೇ ದರ್ಜಿ ಇದ್ದಾರಲ್ಲ.”

ಆ ಸಂಜೆ ನಾನು ಅತ್ತೆಯ ಮನೆಯಲ್ಲೇ ಇದ್ದೆ, ನನ್ನ ರವಿಕೆ ತೋಳು ಬಿಗಿಯಾಗಿದೆ ಎಂದು ಮಾವನಿಗೆ ಕೊಡಲು ಹೋಗಿದ್ದೆ. ಅತ್ತೆ ಚಪ್ಪಲಿ ಬಿಡುತ್ತಲೇ ಎಲ್ಲವನ್ನೂ ಹೇಳಿದಳು. ಮಾವ ಹೊಲಿಗೆ ಯಂತ್ರದ ಮುಂದಿನಿಂದ ಏಳದೆ ಪೂರ್ತಿ ಕೇಳಿದರು. ಆಮೇಲೆ ಹಲಗೆಯ ಕೆಳಗಿನಿಂದ ಕಾಗದದ ಒಂದು ಪೊಟ್ಟಣ ಎಳೆದರು. ಒಳಗೆ ನೀಲಿ ಕೋಟು. ಅತ್ತೆಯ ಅಳತೆಯದು. ಜೇಬಿನ ಅಂಚಿಗೆ ಕೆಂಪು ನೂಲಿನಲ್ಲಿ ಒಂದು ಸಣ್ಣ ಗೆರೆ.

“ಇದನ್ನ ಯಾವಾಗ ಹೊಲಿದ್ರಿ?”

“ಈ ವಾರ.”

“ಕೆಲಸ ಸಿಗದೇ ಹೋಗಿದ್ರೆ?”

“ಬಿಚ್ಚಿ ದಿಂಬಿನ ಚೀಲ ಮಾಡ್ತಿದ್ದೆ. ಹಾಕ್ಕೊಂಡು ನೋಡು ಸುಮ್ನೆ.”

ಅತ್ತೆ ಹಾಕಿಕೊಂಡಳು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತ್ತು. ಕನ್ನಡಿಯ ಮುಂದೆ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿದಳು. ನಾನು ಅವಳನ್ನು ಅಷ್ಟು ಹೊತ್ತು ಕನ್ನಡಿಯ ಮುಂದೆ ಕಂಡದ್ದೇ ಇಲ್ಲ. ಆಮೇಲೆ ಅವಳ ಎರಡು ಬೆರಳು ತಾವಾಗಿಯೇ ಮೊದಲನೆಯ ಗುಂಡಿಯ ಮೇಲೆ ಹೋದವು.

“ನೋಡಿದೆಯಾ, ಶುರುವಾಯ್ತು,” ಅಂದರು ಮಾವ ನನಗೆ.

ಮೊದಲನೆಯದು ಗಟ್ಟಿ, ಎರಡನೆಯದು ಗಟ್ಟಿ. ಮೂರು, ನಾಲ್ಕು. ಐದನೆಯದು ಕೈಗೆ ಬಂತು.

ಅತ್ತೆ ಗುಂಡಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಮಾವನ ಮುಖ ನೋಡಿದಳು. ಮಾವ ಗುಂಡಿಯನ್ನು ನೋಡಿದರು, ಸೂಜಿಯ ಡಬ್ಬಿ ನೋಡಿದರು, ಆಮೇಲೆ ತಲೆಯ ಹಿಂದೆ ಕೆರೆದುಕೊಂಡರು.

“ಅದಕ್ಕೆ ಎರಡೇ ಹೊಲಿಗೆ ಬಿದ್ದಿತ್ತು ಕಣೇ, ನೀಲಿ ನೂಲು ಮುಗೀತು. ಹೊಸ ಉಂಡೆ ಬೀರುವಿನಲ್ಲಿತ್ತು. ಕೀಲಿಕೈ ಸಿಗ್ಲಿಲ್ಲ ಅಂತ ನಿನಗೆ ಫೋನ್ ಮಾಡಿದೆ. ಅಷ್ಟರಲ್ಲಿ ಯಾರೋ ಗಿರಾಕಿ ಬಂದ್ರು, ತಿರುಗಿ ನೋಡಿದಾಗ ಐದೂ ಗುಂಡಿ ಕಂಡವು. ಆಗಿದೆ ಅಂದ್ಕೊಂಡೆ.”

ಅತ್ತೆ ಕೋಟು ಹಾಕಿಕೊಂಡೇ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೊದಲು ಅವಳ ಭುಜ ಅಲುಗಿತು, ಆಮೇಲೆ ನಗು ಹೊರಗೆ ಬಂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮಾವ ಸೂಜಿಗೆ ನೀಲಿ ನೂಲು ಪೋಣಿಸಿ ಅವಳ ಮುಂದೆ ಮೊಣಕಾಲೂರಿ ಕೂತರು.

“ಅಲುಗಬೇಡ. ಚುಚ್ಚತ್ತೆ,” ಅಂದರು.

ಹೊಲಿದು, ಗಂಟು ಹಾಕಿ, ನೂಲನ್ನು ಹಲ್ಲಿನಲ್ಲಿ ಕಡಿದರು. “ಹಾಂ, ಈಗ ಎಳಿ,” ಅಂದರು.

ಅತ್ತೆ ಎಳೆದಳು.